ಉಸಿರೆತ್ತದವರು

ನಾನು ಇಲ್ಲಿ ಅಡುಗೆಯವಳು.
ತುರ್ಕು ಪಟ್ಟಣದ ಪ್ರಯೋಗಾಲಯ, ನೆಲಮಾಳಿಗೆ,
ನವೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು.
ಅಗಾರ್ ಕಾಯಿಸುತ್ತೇನೆ, ಕೈ ತಾಳುವಷ್ಟು ಆರಿದ ಮೇಲೆ
ಕುದುರೆಯ ನೆತ್ತರು ಬೆರೆಸುತ್ತೇನೆ,
ಚಿಟಿಕೆ ಹೀಮಿನ್, ಹನಿ ವಿಟಮಿನ್ ಕೆ.
ಉಣ್ಣುವವರ ಮುಖ ಕಂಡವಳಲ್ಲ.
ಉಂಡರೋ ಬಿಟ್ಟರೋ, ತಟ್ಟೆಯೇ ಹೇಳಬೇಕು.

ಬಹಳ ಸಲ ಬಿಟ್ಟಿರುತ್ತಾರೆ.

ಓಲಾವಿ ಸಾರ್ಕಾ, ಹಡಗುಕಟ್ಟೆಯ ಬೆಸುಗೆಗಾರ.
ಕೆಳದವಡೆಯ ಹಲ್ಲೊಂದು ಅಲ್ಲಾಡುತ್ತಿತ್ತು.
ಒಸಡಿನ ಆಳಕ್ಕೆ ಕಾಗದದ ಕಡ್ಡಿ ಇಳಿಸಿ
ಸಾಸಿವೆಯಷ್ಟು ಕೆಸರು ತೆಗೆದರು.
ಸಾಸಿವೆಯೊಳಗೆ ಸಂತೆ.

ಆ ಸಂತೆಯವರಿಗೆ ಗಾಳಿ ಆಗದು.
ಗಂಟೆಗೆ ಸಾವಿರ ಸಲ ಗಾಳಿಯಾಡುವ ಬಾಯಲ್ಲಿ
ಗಾಳಿ ಸೋಕಿದರೆ ಸಾಯುವವರ ಬಿಡಾರ!
ಒಲೆಯ ಗೂಡಿನಲ್ಲಿ ಬೆಣ್ಣೆ ಬಚ್ಚಿಟ್ಟ ಹಾಗೆ.
ಹಲ್ಲಿಗೂ ಒಸಡಿಗೂ ನಡುವಿನ ಸಂದಿಯಲ್ಲಿ
ಒಬ್ಬರ ಬೆನ್ನಿಗೊಬ್ಬರು ಅಂಟಿ,
ಹೊರಗಿನವರು ಗಾಳಿಯನ್ನೆಲ್ಲ ಕುಡಿದು ಮುಗಿಸಿದ್ದಕ್ಕೆ
ಒಳಗಿನವರು ಉಳಿದರು.

ಹಿಲ್ಕಾ ರಾಂತಾನೆನ್ ಗಾಜಿನ ಪೆಟ್ಟಿಗೆಗೆ ತೋಳು ತೂರಿಸುತ್ತಾಳೆ,
ಭುಜದವರೆಗೂ ರಬ್ಬರು.
ಒಳಗೆ ಸಾರಜನಕ, ತುಸು ಜಲಜನಕ.
ಮೂಲೆಯಲ್ಲಿ ಕಾವಲಿನ ಪಟ್ಟಿ:
ಗುಲಾಬಿಯಾದರೆ ಆಮ್ಲಜನಕ ನುಸುಳಿದೆ ಎಂದರ್ಥ.
ಗುಲಾಬಿ ಬಣ್ಣಕ್ಕೆ ಇಷ್ಟು ಹೆದರುವ ಹೆಂಗಸನ್ನು
ನಾನು ಬೇರೆಲ್ಲೂ ನೋಡಿಲ್ಲ.

ಹೆಸರಿಡುವುದೆಂದರೆ ತೊಟ್ಟಿಲ ಕೆಲಸವಲ್ಲ,
ಠಾಣೆಯ ಕೆಲಸ.
ನೇರಳೆ ಬಣ್ಣ ಹಿಡಿದನೋ, ತೊಳೆದಾಗ ಬಿಟ್ಟನೋ?
ಯಾವ ಸಕ್ಕರೆ ತಿಂದ, ತಿಂದು ಯಾವ ಹುಳಿ ಕಾರಿದ?
ಪಿತ್ತರಸ ತಾಳಿದನೋ?
ವಿಚಾರಣೆಯ ದಿನ ನನ್ನ ಕೋಟು
ಹಳಸಿದ ಬೆಣ್ಣೆ ನಾರುತ್ತದೆ,
ಟ್ರಾಮಿಲ್ಲದ ಊರು, ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ.

ಇದು ಬೆಳೆದವರ ಮಾತು. ಬೆಳೆಯದವರು?
ಯಂತ್ರ ಒಬ್ಬನ ಬರಹವನ್ನು ಓದಿತು,
ನಾಲ್ಕೇ ಅಕ್ಷರದಲ್ಲಿ ಸಾವಿರದೈನೂರು ಅಕ್ಷರದ ಸಾಲು.
ಯಾವ ಕುಲದ ಪಕ್ಕದಲ್ಲೂ ಕೂರಲಿಲ್ಲ.
ಹಿಲ್ಕಾ ಬರೆದುಕೊಂಡಳು: ಟಿ-ನಲವತ್ತೊಂದು.
ಹೆಸರಿಲ್ಲ, ಉಸಿರಿಲ್ಲ, ನಂಬರು ಮಾತ್ರ.

ಏಳು ವರ್ಷ.
ಕುದುರೆ ಬಿಟ್ಟು ಕುರಿಯ ನೆತ್ತರು, ಆಮೇಲೆ ಮೊಲದ್ದು.
ಉಪ್ಪು ಇಳಿಸಿದೆ.
ಎಂಜಲನ್ನೂ ಬೆರೆಸಿದೆ, ನನ್ನದೇ, ಸೋಸಿ.
ಮುಟ್ಟಲಿಲ್ಲ ಮಹಾರಾಯ.

ಕೊನೆಗೆ ಆಗಿದ್ದು ನನ್ನ ಮರೆವಿನಿಂದ.
ಬೇರೇನೋ ಬೆರೆತು ಕೆಟ್ಟಿದೆ, ಎಸೆದುಬಿಡು ಎಂದು
ಹಿಲ್ಕಾ ಬದಿಗಿಟ್ಟ ತಟ್ಟೆ.
ನಡುಬೇಸಗೆಯ ಹಬ್ಬಕ್ಕೆ ದೋಣಿ ಹಿಡಿಯುವ ಅವಸರ,
ಪೆಟ್ಟಿಗೆಯಲ್ಲೇ ಉಳಿಯಿತು.
ಹತ್ತೊಂಬತ್ತನೆಯ ದಿನ
ದಪ್ಪ ಬಿಳಿ ಚುಕ್ಕೆಯೊಂದರ ಸುತ್ತ, ತೀರ ಹತ್ತಿರ,
ಬಣ್ಣವಿಲ್ಲದ ಏನೋ, ಸೂಜಿಮೊನೆಯ ಇಬ್ಬನಿ.
ದೂರ ಹೋದಂತೆ ಸಣ್ಣ. ಇನ್ನೂ ದೂರ,
ಇಲ್ಲ.
ಭೂತಗನ್ನಡಿ ಹಿಡಿದ ಹಿಲ್ಕಾ ಬಹಳ ಹೊತ್ತು ಉಸಿರೆತ್ತಲಿಲ್ಲ.

ಅಡುಗೆ ಸರಿಯಿತ್ತು, ಪಂಕ್ತಿ ತಪ್ಪಿತ್ತು.
ಶುದ್ಧ, ಶುದ್ಧ ಎಂದು ಏಳು ವರ್ಷ
ಒಂಟಿ ತಟ್ಟೆಯ ಮುಂದೆ ಕೂರಿಸಿ
ಉಪವಾಸ ಕೆಡವಿದ್ದೆವು.

ಓಲಾವಿಗೆ ಫೋನು ಮಾಡಿದೆವು.
ಆ ಹಲ್ಲು ಉದುರಿ ಕಾಲವಾಯಿತು, ಈಗ ಪಿಂಗಾಣಿ, ಎಂದ.
ಸ್ವಲ್ಪ ತಡೆದು:
'ಅಷ್ಟು ವರ್ಷ ಬಾಡಿಗೆ ಕೊಡದೆ ಇದ್ದವನ ಹೆಸರೇನಂತೆ?'

ಹೆಸರು ಇನ್ನೂ ಇಲ್ಲ.
ಒಬ್ಬನೇ, ಯಾರ ನೆರವೂ ಇಲ್ಲದೆ ಬದುಕಿ,
ಎರಡು ದೇಶದ ಭಂಡಾರಗಳಲ್ಲಿ ಹಾಜರಿ ಹಾಕಿದರೆ
ಆಗ ಹೆಸರು, ಎನ್ನುತ್ತದೆ ನಿಯಮ.
ಹಿಲ್ಕಾ ತಲೆಯ ಮೇಲೆ ಕೈಹೊತ್ತು ಅದನ್ನೇ ಓದುತ್ತಿದ್ದಾಳೆ.

ನಾಳೆಗೆ ಇಪ್ಪತ್ತು ತಟ್ಟೆ.
ಇಬ್ಬರು ಉಣ್ಣುತ್ತಾರೆಂದು
ಕೊಂಚ ದಪ್ಪಗೇ ಸುರಿದಿದ್ದೇನೆ.